ಹಂಪೆಯ ಕಾಗದದ ಬಿಂಬಗಳೂ ದೊಡ್ಡ ಕ್ಯಾಮರಾದ ಪುನರುಜ್ಜೀವನವೂ

ನೋಡುವುದು ಬೇರೆ, ಕಾಣುವುದು ಬೇರೆ. ನೋಟಕ್ಕೆ ಕಣ್ಣು ತೆರೆದಿದ್ದರೆ ಸಾಕು. ಕಾಣ್ಕೆಗೆ ಕಣ್ಣಿನೊಡನೆ ಕಾಲವೂ ತಾಳ್ಮೆಯೂ ಕೂಡಬೇಕು. ಛಾಯಾಚಿತ್ರ ಕಲೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಕಾಲವನ್ನು ಕಡಿಮೆಮಾಡುತ್ತ ಬಂದ ಇತಿಹಾಸವೇ ಆಗಿದೆ. ಮೊದಲಲ್ಲಿ ನಿಮಿಷಗಟ್ಟಲೆ ಹಿಡಿಯುತ್ತಿದ್ದ ಕೆಲಸವು ಕ್ರಮೇಣ ಸೆಕೆಂಡಿಗೆ ಇಳಿಯಿತು. ಅಲ್ಲಿಂದ ಸೆಕೆಂಡಿನ ಸಾವಿರದೊಂದು ಪಾಲಿಗೆ ಇಳಿಯಿತು. ಇಂದು ಜೇಬಿನೊಳಗಿನ ದೂರವಾಣಿಯೇ ಕ್ಯಾಮರಾ ಆಗಿ, ಒಂದು ಜಾತ್ರೆಗೆ ಹೋಗಿಬರುವಷ್ಟರಲ್ಲಿ ಮನೆಯ ಮಕ್ಕಳು ಸಹ ನೂರಾರು ಚಿತ್ರಗಳನ್ನು ತೆಗೆದು ತರುತ್ತಾರೆ. ಇಂತಹ ಕಾಲದಲ್ಲಿಯೂ ದೇಶದೇಶಗಳ ಕೆಲವು ಕಲಾವಿದರೂ ಹವ್ಯಾಸಿಗಳೂ ಮರದ ಚೌಕಟ್ಟಿನ, ಮುಕ್ಕಾಲಿಯ ಮೇಲೆ ನಿಲ್ಲುವ, ದಿನಕ್ಕೆ ನಾಲ್ಕಾರು ಚಿತ್ರಗಳನ್ನು ಮಾತ್ರ ಕೊಡುವ ಹಳೆಯ ದೊಡ್ಡ ಕ್ಯಾಮರಾಕ್ಕೆ ಮರಳುತ್ತಿರುವುದು ಸೋಜಿಗದ ಸಂಗತಿ. ಇದು ಹಳೆಯದರ ಮೇಲಿನ ಬರಿಯ ಮೋಹವೋ, ಇಲ್ಲವೆ ಇದರಲ್ಲಿ ತಿರುಳೇನಾದರೂ ಉಂಟೋ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ತುಂಗಭದ್ರೆಯ ದಡದ ಹಂಪೆಯಲ್ಲಿಯೇ ಅದಕ್ಕೆ ತಕ್ಕ ಸಾಕ್ಷ್ಯವಿದೆ.

ದೊಡ್ಡ ಕ್ಯಾಮರಾದ ರಚನೆ ಅತ್ಯಂತ ಸರಳವಾದುದು. ಮುಂದೊಂದು ಹಲಗೆ, ಅದರಲ್ಲಿ ಮಸೂರ. ಹಿಂದೊಂದು ಚೌಕಟ್ಟು, ಅದರಲ್ಲಿ ಉಜ್ಜಿ ಮಬ್ಬುಗೊಳಿಸಿದ ಗಾಜು. ಇವೆರಡರ ನಡುವೆ ಬೆಳಕು ನುಸುಳದಂತೆ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ತಿದಿ. ಚಿತ್ರ ತೆಗೆಯುವವನು ಕರಿಯ ಬಟ್ಟೆಯನ್ನು ತಲೆಯ ಮೇಲೆ ಹೊದ್ದು ಮಬ್ಬು ಗಾಜನ್ನು ನೋಡಿದಾಗ, ಎದುರಿನ ದೃಶ್ಯವೆಲ್ಲವೂ ತಲೆಕೆಳಗಾಗಿ, ಎಡಬಲಗಳು ಅದಲುಬದಲಾಗಿ ಅಲ್ಲಿ ಮೂಡಿರುತ್ತದೆ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕಿರಿದಾದ ಕಂಡಿಯ ಮೂಲಕ ಬಂದ ಬೆಳಕು ರಾಯಗೋಪುರದ ನೆರಳನ್ನು ಕತ್ತಲೆಯ ಗೋಡೆಯ ಮೇಲೆ ತಲೆಕೆಳಗಾಗಿ ಬಿಡಿಸುವುದನ್ನು ಕಂಡ ಯಾತ್ರಿಕರಿಗೆ ಈ ತತ್ತ್ವವನ್ನು ಬೇರೆ ವಿವರಿಸಬೇಕಾದುದಿಲ್ಲ. ಅಲ್ಲಿ ಕೋಣೆಯೇ ಕ್ಯಾಮರಾ. ಇಲ್ಲಿ ಕ್ಯಾಮರಾವೇ ಒಂದು ಪುಟ್ಟ ಕೋಣೆ.

ಈ ಯಂತ್ರಕ್ಕೆ ಎರಡು ವಿಶೇಷ ಗುಣಗಳುಂಟು. ಒಂದನೆಯದು, ಅದರ ಮುಂದಿನ ಹಲಗೆಯನ್ನೂ ಹಿಂದಿನ ಚೌಕಟ್ಟನ್ನೂ ಬೇರೆ ಬೇರೆಯಾಗಿ ಏರಿಸಬಹುದು, ಸರಿಸಬಹುದು, ಬಾಗಿಸಬಹುದು. ಎತ್ತರವಾದ ಗೋಪುರವನ್ನು ಸಾಮಾನ್ಯ ಕ್ಯಾಮರಾದಿಂದ ತಲೆಯೆತ್ತಿ ತೆಗೆದರೆ ಅದು ಹಿಂದಕ್ಕೆ ವಾಲಿದಂತೆ ಚಿತ್ರದಲ್ಲಿ ಬರುತ್ತದೆ. ದೊಡ್ಡ ಕ್ಯಾಮರಾದಲ್ಲಿ ಹಿಂದಿನ ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿ ಮಸೂರವನ್ನು ಮಾತ್ರ ಮೇಲಕ್ಕೆ ಏರಿಸಿದರೆ ಗೋಪುರವು ಶಿಲ್ಪಿಯು ನಿಲ್ಲಿಸಿದಂತೆಯೇ ನೆಟ್ಟಗೆ ನಿಲ್ಲುತ್ತದೆ. ಎರಡನೆಯದು, ಅದರ ಫಿಲ್ಮಿನ ವಿಸ್ತಾರ. ಬಳಕೆಯಲ್ಲಿದ್ದ ಚಿಕ್ಕ ಕ್ಯಾಮರಾದ ಫಿಲ್ಮಿನ ಒಂದು ಚಿತ್ರದ ಅಳತೆ 24 ಮಿಲಿಮೀಟರಿಗೆ 36 ಮಿಲಿಮೀಟರು. 4 ಅಂಗುಲಕ್ಕೆ 5 ಅಂಗುಲದ ಒಂದು ಹಾಳೆಯು ವಿಸ್ತಾರದಲ್ಲಿ ಅದರ ಸುಮಾರು 15 ಪಾಲು. 8 ಅಂಗುಲಕ್ಕೆ 10 ಅಂಗುಲದ ಹಾಳೆಯು ಸುಮಾರು 60 ಪಾಲು. ಹಾಳೆ ಹಿರಿದಾದಷ್ಟೂ ಅದರಲ್ಲಿ ಅಡಗುವ ವಿವರವೂ ಹಿರಿದು. ಕಲ್ಲಿನ ಮೇಲಿನ ಉಳಿಯ ಗುರುತು, ಇಟ್ಟಿಗೆಯ ನಡುವಿನ ಗಾರೆ, ಬಿರುಕಿನಲ್ಲಿ ಬೇರೂರಿದ ಅರಳಿಯ ಸಸಿ, ಇವೆಲ್ಲವೂ ಅಲ್ಲಿ ತಮ್ಮ ತಮ್ಮ ಸ್ಥಾನದಲ್ಲಿ ಇರುತ್ತವೆ.

ಆದರೆ ಕ್ಯಾಮರಾ ದೊಡ್ಡದಾಗಿ ಹುಟ್ಟಿದುದು ಈ ಗುಣಗಳಿಗಾಗಿ ಅಲ್ಲ, ಅನಿವಾರ್ಯದಿಂದ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟನು 1841ರಲ್ಲಿ ಹಕ್ಕುಪತ್ರ ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ, ಬೆಳ್ಳಿಯ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಕಪ್ಪು ಬಿಳುಪುಗಳು ತಿರುಗುಮುರುಗಾದ ಬಿಂಬವೊಂದು ಮೂಡುತ್ತಿದ್ದಿತು. ಇದೇ ನೆಗೆಟಿವು. ಅದನ್ನು ಇನ್ನೊಂದು ಲೇಪಿತ ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಒಡ್ಡಿದರೆ ನಿಜವಾದ ಚಿತ್ರವು ದೊರೆಯುತ್ತಿದ್ದಿತು. ಅಂದಿನ ಮುದ್ರಣ ಕಾಗದಕ್ಕೆ ಬಿಸಿಲಿನಷ್ಟು ಪ್ರಖರವಾದ ಬೆಳಕೇ ಬೇಕಾಗಿದ್ದುದರಿಂದ, ಚಿಕ್ಕ ಬಿಂಬವನ್ನು ಹಿಗ್ಗಿಸಿ ಮುದ್ರಿಸುವುದು ಸುಲಭಸಾಧ್ಯವಾಗಿರಲಿಲ್ಲ. ಆದಕಾರಣ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವು ಬೇಕು, ಅದಕ್ಕೆ ತಕ್ಕಷ್ಟು ದೊಡ್ಡ ಪೆಟ್ಟಿಗೆಯೂ ಬೇಕು. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬವನು ಕಾಗದಕ್ಕೆ ಮೊದಲೇ ಮೇಣವನ್ನು ಊಡಿಸುವ ವಿಧಾನವನ್ನು ಪ್ರಕಟಿಸಿದನು. ಅದೇ ವರ್ಷ ಫ್ರೆಡರಿಕ್ ಸ್ಕಾಟ್ ಆರ್ಚರನು ಗಾಜಿನ ತಗಡಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಡುವ ವಿಧಾನವನ್ನು ಬೆಳಕಿಗೆ ತಂದನು.

ಗಾಜಿನ ಬಿಂಬವು ಕಾಗದದ ಬಿಂಬಕ್ಕಿಂತ ಹೆಚ್ಚು ನಿಚ್ಚಳವಾದುದು. ಆದರೆ ಆ ತಗಡನ್ನು ಹಸಿಯಾಗಿರುವಾಗಲೇ ಬೆಳಕಿಗೊಡ್ಡಿ, ಹಸಿಯಾಗಿರುವಾಗಲೇ ತೊಳೆದು ಮುಗಿಸಬೇಕು. ದಖ್ಖನ್ನಿನ ಬಿಸಿಲಿನಲ್ಲಿ ಈಥರು ಕ್ಷಣಮಾತ್ರದಲ್ಲಿ ಆರಿಹೋಗುತ್ತಿದ್ದುದರಿಂದ ಕಲಾವಿದನು ಕತ್ತಲೆಯ ಗುಡಾರವನ್ನು ಹೋದಲ್ಲೆಲ್ಲ ಹೊತ್ತುಕೊಂಡೇ ಹೋಗಬೇಕಾಗುತ್ತಿದ್ದಿತು. ಕಾಗದಕ್ಕಾದರೋ ಈ ಅವಸರವಿಲ್ಲ. ಬಿಡಾರದಲ್ಲಿ ಸಿದ್ಧಪಡಿಸಿಕೊಂಡು, ದೂರದ ಊರಿನಲ್ಲಿ ಬೆಳಕಿಗೊಡ್ಡಿ, ಮರಳಿ ಬಂದ ಮೇಲೆ ಬಿಂಬವನ್ನು ಮೂಡಿಸಬಹುದು. ಹಗುರವಾದುದು, ಒಡೆಯದು. ಯುರೋಪಿನಲ್ಲಿ ಗಾಜು ಗೆಲ್ಲುತ್ತಿದ್ದ ಆ ದಿನಗಳಲ್ಲಿ ಭಾರತದಲ್ಲಿ ಕಾಗದವೇ ಮೇಲುಗೈಯಾಗಿ ಉಳಿದುದಕ್ಕೆ ಇದು ಮುಖ್ಯ ಕಾರಣ.

ಕನ್ನಡ ನಾಡಿನ ಪ್ರಾಚೀನ ಕಟ್ಟಡಗಳು ಛಾಯಾಚಿತ್ರಕ್ಕೆ ವಿಷಯವಾದುದು ಈ ಕಾಲದಲ್ಲಿಯೇ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ಎಂಬವನು 1854ರ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿ, ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವನ್ನು ಇರಿಸಿದನು. ಈತನೇ 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನವನ್ನು 21 ಚಿತ್ರಗಳಲ್ಲಿ ಹಿಡಿದು ಸುಮಾರು 19 ಅಡಿ ಉದ್ದದ ಒಂದೇ ಸುರುಳಿಯಾಗಿ ಜೋಡಿಸಿದವನು. ಮುಂಬಯಿ ಇಲಾಖೆಯ ಕಡೆಯಿಂದ ತೋಪುದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯು 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಸಂಚರಿಸಿ ನೂರಕ್ಕೂ ಮೇಲ್ಪಟ್ಟು ಕಾಗದದ ನೆಗೆಟಿವುಗಳನ್ನು ತೆಗೆದನು. ಅವನು ಸೈನ್ಯಕ್ಕೆ ಮರಳಬೇಕಾಗಿ ಬಂದಾಗ ಆ ಕಾರ್ಯವನ್ನು ಡಾಕ್ಟರ್ ಪಿಗೌ ಎಂಬ ವೈದ್ಯನೂ, ಬಳಿಕ ನೀಲ್ ಎಂಬ ಅಧಿಕಾರಿಯೂ ಮುಂದುವರಿಸಿದರು. ಈ ಮೂವರ ಚಿತ್ರಗಳನ್ನೊಳಗೊಂಡು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ನರ ಬರೆಹದೊಡನೆ, ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಈ ಪ್ರಯತ್ನಗಳ ಹಿಂದೆ ಕಲಾಪ್ರೇಮವೊಂದೇ ಇದ್ದಿತೆಂದು ಭಾವಿಸಲಾಗದು. ನಕ್ಷೆಗಾರರಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟು ದೇವಾಲಯಗಳ ಚಿತ್ರಗಳನ್ನು ಬರೆಸುವುದಕ್ಕಿಂತ ಕ್ಯಾಮರಾದ ಕೆಲಸವು ಅಗ್ಗವಾದೀತೆಂಬ ಲೆಕ್ಕಾಚಾರವೂ ಕಂಪನಿ ಸರಕಾರಕ್ಕಿದ್ದಿತು. ಆ ಲೆಕ್ಕಾಚಾರ ತಪ್ಪಿತೆಂದು ತೋರಿದೊಡನೆ ಆಶ್ರಯವೂ ತಪ್ಪಿತು. 1859ರಲ್ಲಿ ಮದರಾಸಿನ ಗವರ್ನರನಾದ ಚಾರ್ಲ್ಸ್ ಟ್ರೆವೆಲ್ಯನ್ನನು ಟ್ರೈಪನ ಕಾರ್ಯವನ್ನು ದುಬಾರಿಯ ವಿಲಾಸವೆಂದೆಣಿಸಿ ನಿಲ್ಲಿಸಿಬಿಟ್ಟನು. ಅಳುವವರ ಹಂಗಿನಲ್ಲಿ ಬೆಳೆದ ವಿದ್ಯೆಗೆ ಆಳುವವರ ಒಂದು ಸಹಿಯೇ ಕುತ್ತಾದುದು ಇದೊಂದು ಬಾರಿಯಲ್ಲ.

ಇವರೆಲ್ಲರ ನಡುವೆ ಹಂಪೆಗೆ ದೊರೆತವನು ಅಲೆಗ್ಸಾಂಡರ್ ಜಾನ್ ಗ್ರೀನ್‌ಲಾ. ಮದರಾಸಿನ ದೇಶೀಯ ಪದಾತಿದಳದ ಅಧಿಕಾರಿಯಾಗಿದ್ದ ಈತನು 1856ರ ವೇಳೆಗೆ ವಿಜಯನಗರದ ಹಾಳುಪಟ್ಟಣದಲ್ಲಿ ಸಂಚರಿಸಿ ಸುಮಾರು 60 ಕಾಗದದ ನೆಗೆಟಿವುಗಳನ್ನು ಸಿದ್ಧಪಡಿಸಿದನು. ಒಂದೊಂದರ ಅಳತೆಯೂ ಸುಮಾರು 16 ಅಂಗುಲಕ್ಕೆ 18 ಅಂಗುಲ. ಎಂದರೆ ಚಿಕ್ಕ ಕ್ಯಾಮರಾದ ಚಿತ್ರಕ್ಕಿಂತ ಇನ್ನೂರು ಪಾಲಿಗೂ ಹಿರಿದು. ಇಷ್ಟು ದೊಡ್ಡ ಹಾಳೆಯನ್ನು ಹಿಡಿಸುವ ಪೆಟ್ಟಿಗೆಯನ್ನೂ, ಮುಕ್ಕಾಲಿಯನ್ನೂ, ರಾಸಾಯನಿಕಗಳ ಸೀಸೆಗಳನ್ನೂ ಆ ಬಂಡೆಗಲ್ಲುಗಳ ನಡುವೆ ಸಾಗಿಸಬೇಕಾದರೆ ಎಷ್ಟು ಮಂದಿ ಆಳುಗಳ ಹೆಗಲು ಸವೆದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಆ ಆಳುಗಳ ಹೆಸರುಗಳು ಚಿತ್ರಗಳೊಡನೆ ಉಳಿದುಬಂದಿಲ್ಲ. ಬಿಸಿಲುನಾಡಿಗೆ ಹೊಂದುವಂತೆ ಗ್ರೀನ್‌ಲಾ ತಿದ್ದಿ ರೂಪಿಸಿದ ಕ್ಯಾಲೊಟೈಪ್ ವಿಧಾನವು ಅವನ ಹೆಸರಿನಿಂದಲೇ ಕರೆಯಲ್ಪಡುತ್ತ, ಇಂದಿಗೂ ಕಾಗದದ ನೆಗೆಟಿವುಗಳನ್ನು ಮಾಡುವ ಹವ್ಯಾಸಿಗಳಿಗೆ ದಾರಿತೋರುತ್ತಿದೆ.

ಗ್ರೀನ್‌ಲಾ 1870ರಲ್ಲಿ ತೀರಿಕೊಂಡನು. ಅವನ ಬಿಂಬಗಳು ಜನರ ಕಣ್ಣಿನಿಂದ ಮರೆಯಾದವು. ಕಾಲವೂ ದೊಡ್ಡ ಕ್ಯಾಮರಾಕ್ಕೆ ಪ್ರತಿಕೂಲವಾಗಿಯೇ ಸಾಗಿತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಕ್ಸನು ಜೆಲಾಟಿನ್ ಲೇಪನದ ಒಣ ತಗಡನ್ನು ಸೂಚಿಸಿದನು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ನನು ಸುರುಳಿ ಹಾಕಿದ ಕೊಡಕ್ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದನು. 1925ರಲ್ಲಿ ಜರ್ಮನಿಯಿಂದ ಲೈಕಾ ಎಂಬ ಅಂಗೈಯಗಲದ ಕ್ಯಾಮರಾ ಹೊರಬಂದಿತು. ಹಿಗ್ಗಿಸಿ ಮುದ್ರಿಸುವ ಉಪಕರಣವು ರೂಢಿಗೆ ಬಂದ ಮೇಲಂತೂ ದೊಡ್ಡ ನೆಗೆಟಿವು ಬೇಕೆಂಬ ಅನಿವಾರ್ಯವೇ ಇಲ್ಲವಾಯಿತು.

ಆಶ್ಚರ್ಯವೆಂದರೆ, ಅನಿವಾರ್ಯವು ತೀರಿದ ಮೇಲೆಯೇ ದೊಡ್ಡ ಕ್ಯಾಮರಾದ ನಿಜವಾದ ಬೆಲೆ ತಿಳಿದುಬಂದಿತು. 1927ರ ಏಪ್ರಿಲಿನಲ್ಲಿ ಆನ್ಸೆಲ್ ಆಡಮ್ಸ್ ಎಂಬ ತರುಣನು ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಯಲ್ಲಿ, ಹಾಫ್ ಡೋಮ್ ಎಂಬ ಹೆಬ್ಬಂಡೆಯ ಎದುರಿಗೆ ಹಿಮದಲ್ಲಿ ಹತ್ತಿ ಹೋಗಿದ್ದನು. ಅವನ ಚೀಲದಲ್ಲಿದ್ದುದು 12 ಗಾಜಿನ ತಗಡುಗಳು. ಹೋಗಬೇಕಾದ ನೆಲೆಯನ್ನು ಮುಟ್ಟುವ ಹೊತ್ತಿಗೆ ಉಳಿದಿದ್ದುದು ಎರಡೇ. ಒಂದನ್ನು ಹಳದಿಯ ಗಾಜನ್ನು ಅಡ್ಡವಿಟ್ಟು ತೆಗೆದನು. ತೆಗೆದ ಕೂಡಲೆ, ತನ್ನ ಮನಸ್ಸಿನಲ್ಲಿದ್ದ ಬಂಡೆಯ ಗಾಂಭೀರ್ಯವು ಆ ಚಿತ್ರದಲ್ಲಿ ಬಾರದೆಂದು ಅವನಿಗೆ ಹೊಳೆಯಿತು. ಕೊನೆಯ ತಗಡಿಗೆ ಕಡುಗೆಂಪು ಗಾಜನ್ನು ಅಡ್ಡವಿಟ್ಟನು. ಆಕಾಶವು ಕಪ್ಪಗಾಗಿ ಬಂಡೆಯು ಬೆಳಗಿ ನಿಂತಿತು. ಚಿತ್ರವು ಯಂತ್ರದಲ್ಲಿ ಮೂಡುವುದಕ್ಕೆ ಮೊದಲು ಮನಸ್ಸಿನಲ್ಲಿ ಮೂಡಬೇಕೆಂಬ ಅವನ ಮುಂದಿನ ಉಪದೇಶಕ್ಕೆಲ್ಲ ಈ ಒಂದು ತಗಡೇ ಬೀಜವಾಯಿತು. ಉಳಿದ ತಗಡುಗಳು ನೂರಿದ್ದಿದ್ದರೆ ಅವನು ಅಷ್ಟು ಯೋಚಿಸುತ್ತಿದ್ದನೆಂಬುದು ಸಂದೇಹ. 1932ರಲ್ಲಿ ಅವನೂ, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಮೊದಲಾದವರೂ ಸೇರಿ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಒಂದು ಪ್ರದರ್ಶನವನ್ನು ನಡೆಸಿದರು. ಮಸೂರದ ಕಂಡಿಯನ್ನು ಅತ್ಯಂತ ಕಿರಿದುಗೊಳಿಸುವ ಅಳತೆಯ ಗುರುತಾದ ಎಫ್ 64 ಎಂಬುದನ್ನೇ ಈ ಗುಂಪು ತನ್ನ ಹೆಸರಾಗಿ ಇಟ್ಟುಕೊಂಡಿದ್ದಿತು. ಹತ್ತಿರದ ಹುಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣಬೇಕೆಂಬುದು ಅವರ ಹಟ.

ಭಾರತದಲ್ಲಿ ದೊಡ್ಡ ಕ್ಯಾಮರಾ ಬದುಕಿದುದು ಕಲಾವಿದರ ಗೋಷ್ಠಿಗಳಿಗಿಂತ ಹೆಚ್ಚಾಗಿ ಪೇಟೆಯ ಸ್ಟುಡಿಯೋಗಳಲ್ಲಿ. ಶಾಲೆಯ ಮಕ್ಕಳ ಗುಂಪು, ಮದುವೆಯಾದ ದಂಪತಿಗಳು, ಕುರ್ಚಿಯಲ್ಲಿ ಕುಳಿತ ಹಿರಿಯರು, ಇವರೆಲ್ಲ ಕರಿಯ ಬಟ್ಟೆಯ ಮರದ ಪೆಟ್ಟಿಗೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತವರೇ. ಅಂದಿನ ತಿರುವಾಂಕೂರು ಸಂಸ್ಥಾನದ ಆಲಪ್ಪುಳದಲ್ಲಿ 1940ರ ದಶಕದಿಂದ ವಾಗೀಶ್ವರಿ ಎಂಬ ಹೆಸರಿನ ಮರದ ಕ್ಯಾಮರಾಗಳು ತಯಾರಾಗತೊಡಗಿ, ದಶಕಗಳವರೆಗೆ ಸ್ಟುಡಿಯೋಗಳಲ್ಲಿ ಬಳಕೆಯಾದವು. ಕನ್ನಡ ನಾಡಿನ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಅಜ್ಜ ಅಜ್ಜಿಯರ ಮುಖವು ಇಂದಿಗೂ ಮಾಸದೆ ಉಳಿದಿದ್ದರೆ, ಅದಕ್ಕೆ ಇಂತಹ ಪೆಟ್ಟಿಗೆಯ ವಿಸ್ತಾರವಾದ ಹಾಳೆಯೂ, ನೆಗೆಟಿವಿನ ಮೇಲೆ ಮೊನಚಾದ ಸೀಸದಕಡ್ಡಿಯಿಂದ ಕುಂದುಗಳನ್ನು ತಿದ್ದುತ್ತಿದ್ದ ಕೈಯೂ ಕಾರಣ. ಕ್ರಮೇಣ ಸುರುಳಿ ಫಿಲ್ಮು ಅಲ್ಲಿಗೂ ಬಂದು, ಬಳಿಕ ಫಿಲ್ಮೇ ಬೇಡದ ಅಂಕೀಯ ಕ್ಯಾಮರಾ ಬಂದು, ಆ ಪೆಟ್ಟಿಗೆಗಳು ಅಟ್ಟವನ್ನು ಸೇರಿದವು. 2012ರ ಜನವರಿಯಲ್ಲಿ ಕೊಡಕ್ ಸಂಸ್ಥೆಯೇ ದಿವಾಳಿಯ ರಕ್ಷಣೆಯನ್ನು ಬೇಡಿ ನ್ಯಾಯಾಲಯದ ಮೆಟ್ಟಲೇರಿದಾಗ, ಫಿಲ್ಮಿನ ಕಥೆ ಮುಗಿಯಿತೆಂದು ಅನೇಕರು ತೀರ್ಮಾನಿಸಿದರು.

ಕಥೆ ಮುಗಿಯಲಿಲ್ಲ. ಕೊಡಕ್ ಫಿಲ್ಮಿನ ಹಾಳೆಗಳ ತಯಾರಿಕೆ ನಿಲ್ಲಲಿಲ್ಲ. ಇಂಗ್ಲೆಂಡಿನ ಇಲ್‌ಫರ್ಡ್ ಸಂಸ್ಥೆಯು ಅಸಾಧಾರಣ ಅಳತೆಯ ಹಾಳೆಗಳಿಗೆ ವರ್ಷಕ್ಕೊಮ್ಮೆ ಬೇಡಿಕೆ ಪಡೆದು ಕತ್ತರಿಸಿ ಕೊಡುವ ಪದ್ಧತಿಯನ್ನಿಟ್ಟುಕೊಂಡಿತು. ಅದೇ ದೇಶದ ಬ್ರೈಟನ್ ಪಟ್ಟಣದಲ್ಲಿ 2014ರಲ್ಲಿ ಹುಟ್ಟಿದ ಇಂಟ್ರೆಪಿಡ್ ಎಂಬ ಚಿಕ್ಕ ಕಾರ್ಖಾನೆಯು ಹಗುರವಾದ ಮರದ ಕ್ಯಾಮರಾಗಳನ್ನು ಹೊಸದಾಗಿ ಮಾಡಿ ಮಾರತೊಡಗಿತು. ಹಾಳೆಯ ಬೆಲೆ ಹೆಚ್ಚು, ಹೊರೆ ಭಾರ, ಒಂದು ಚಿತ್ರಕ್ಕೆ ಅರ್ಧ ಗಂಟೆ ಹಿಡಿದರೂ ಹಿಡಿಯಿತು, ಕೊನೆಗೆ ಎಲ್ಲವೂ ಕೆಟ್ಟುಹೋಗುವ ಸಂಭವವೂ ಇಲ್ಲದಿಲ್ಲ. ಆದರೂ ಅದಕ್ಕೆ ಒಲಿದವರು ಈ ತೊಡಕುಗಳಲ್ಲಿಯೇ ಸಂತೋಷವನ್ನು ಕಂಡರು. ಕರಿಯ ಬಟ್ಟೆಯ ಕತ್ತಲೆಯಲ್ಲಿ ತಲೆಕೆಳಗಾದ ಲೋಕವನ್ನು ನೋಡುವಾಗ ಪರಿಚಿತವಾದ ಮರವೂ ಮನೆಯೂ ತಮ್ಮ ಹೆಸರನ್ನು ಕಳೆದುಕೊಂಡು ಬರಿಯ ಆಕಾರವಾಗಿ, ಬೆಳಕಾಗಿ, ನೆರಳಾಗಿ ತೋರುತ್ತವೆ. ದಿನವೂ ಕಂಡುದನ್ನು ಮೊದಲ ಸಲ ಕಂಡಂತಾಗುವ ಈ ಅನುಭವವೇ ಆ ಸಂತೋಷದ ಮೂಲ.

ಸಂತೋಷವು ಅವರವರಿಗೆ ಸೇರಿದ್ದು. ಅದರಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೆ ಗ್ರೀನ್‌ಲಾನ ಬಿಂಬಗಳೇ ಉತ್ತರವನ್ನು ಕೊಡುತ್ತವೆ. ಮರೆಯಾಗಿದ್ದ ಆ ಕಾಗದದ ನೆಗೆಟಿವುಗಳು 1980ರಲ್ಲಿ ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಬೆಳಕಿಗೆ ಬಂದವು. ಅವನ್ನು ಓದುವುದಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ. ಬೆಳಕಿಗೆ ಎತ್ತಿ ಹಿಡಿದರೆ ಸಾಕಾಗಿದ್ದಿತು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸನು ಹಂಪೆಯಲ್ಲಿ ಗ್ರೀನ್‌ಲಾ ನಿಂತಿದ್ದ ನೆಲೆಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದನು. ನೂರ ಇಪ್ಪತ್ತೇಳು ವರ್ಷಗಳ ಅಂತರದ ಎರಡೆರಡು ಚಿತ್ರಗಳು ಹೀಗೆ ಅಕ್ಕಪಕ್ಕದಲ್ಲಿ ಬಂದು ನಿಂತವು. ಗ್ರೀನ್‌ಲಾನ ಚಿತ್ರಗಳನ್ನೊಳಗೊಂಡ ಗ್ರಂಥವು ಅಲ್ಕಾಜಿ ಸಂಗ್ರಹದ ಕಡೆಯಿಂದ 2008ರಲ್ಲಿ ಹೊರಬಂದಿತು.

ಈ ಹೋಲಿಕೆಯಿಂದ ತಿಳಿದುಬರುವ ಸಂಗತಿಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಸಂಗತಿಯೊಂದೇ ಸಾಕು. 2017ರಿಂದ ಚಲಾವಣೆಗೆ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಆ ರಥವನ್ನು ಎಲ್ಲರೂ ಕಂಡಿದ್ದಾರೆ. ಅದರ ನೆತ್ತಿ ಬೋಳಾಗಿದೆ. ಗ್ರೀನ್‌ಲಾ ತೆಗೆದ ಚಿತ್ರದಲ್ಲಾದರೋ ಆ ರಥದ ಮೇಲೆ ಇಟ್ಟಿಗೆ ಗಾರೆಗಳಿಂದ ಕಟ್ಟಿದ ಶಿಖರವೊಂದು ನಿಂತಿದೆ. ತರುವಾಯದ ಕಾಲದಲ್ಲಿ ಅದು ತೆಗೆಯಲ್ಪಟ್ಟಿತು. ಇಂದು ಅಲ್ಲಿಗೆ ಹೋದ ಯಾತ್ರಿಕನು ಆ ರಥವನ್ನು ಪೂರ್ಣವೆಂದೇ ತಿಳಿದು ಮರಳುತ್ತಾನೆ. ಅದು ಅಪೂರ್ಣವೆಂಬ ಅರಿವನ್ನು ಕೊಟ್ಟುದು 1856ರ ಆ ಕಾಗದದ ಹಾಳೆ. ಆತನು ಕಿರಿದಾದ, ಅವಸರದ ಚಿತ್ರವೊಂದನ್ನು ತೆಗೆದಿದ್ದರೆ ಶಿಖರವಿದ್ದಿತೆಂಬುದಷ್ಟೇ ತಿಳಿಯುತ್ತಿದ್ದಿತೇನೋ; ಅದರ ಅಂತಸ್ತುಗಳೂ ಅಂಗಾಂಗಗಳೂ ತಿಳಿದುಬಂದುದು ಹಾಳೆಯ ವಿಸ್ತಾರದಿಂದ.

ಆದರೂ ಈ ಬಿಂಬಗಳನ್ನು ಕಣ್ಣುಮುಚ್ಚಿ ನಂಬುವುದೂ ತರವಲ್ಲ. ನಿಮಿಷಗಟ್ಟಲೆ ಬೆಳಕಿಗೊಡ್ಡಿದ ಕಾಗದದ ಮೇಲೆ ನಡೆದಾಡುವ ಮನುಷ್ಯನಾಗಲಿ, ಮೇಯುವ ದನವಾಗಲಿ ನಿಲ್ಲುವುದಿಲ್ಲ. ಸ್ಥಿರವಾಗಿ ನಿಂತದ್ದು ಮಾತ್ರ ಉಳಿಯುತ್ತದೆ. ಆ ಕಾಲದ ಚಿತ್ರಗಳಲ್ಲಿ ಊರುಗಳು ನಿರ್ಜನವಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಅಂದಿನ ಕಾಗದಕ್ಕೆ ನೀಲಿಯ ಬೆಳಕು ಬಹು ಬೇಗನೆ ತಾಗುತ್ತಿದ್ದುದರಿಂದ ಆಕಾಶವು ಮೋಡವಿಲ್ಲದ ಬರಿಯ ಬಿಳುಪಾಗಿ ಉಳಿಯುತ್ತಿದ್ದಿತು. ಟ್ರೈಪನಂತಹವರು ನೆಗೆಟಿವಿನ ಮೇಲೆ ಬಣ್ಣವನ್ನು ಹಚ್ಚಿ ಮೋಡಗಳನ್ನು ಬರೆದುದೂ ಉಂಟು. ಹಾಳು ಹಂಪೆ ಎಂಬ ಭಾವನೆಯನ್ನು ಬಲಪಡಿಸುವ ನಿಶ್ಶಬ್ದದಲ್ಲಿ ಇತಿಹಾಸದ ಪಾಲೆಷ್ಟು, ರಾಸಾಯನಿಕದ ಪಾಲೆಷ್ಟು ಎಂಬುದನ್ನು ವಿವೇಚಿಸಿಯೇ ಅವುಗಳನ್ನು ಓದಬೇಕು. ಕಲ್ಲಿನ ವಿಷಯದಲ್ಲಿ ಅವು ಸತ್ಯಸಾಕ್ಷಿಗಳು. ಜನಜೀವನದ ವಿಷಯದಲ್ಲಿ ಅರೆಸಾಕ್ಷಿಗಳು.

ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಭಾಗ್ಯಕ್ಕೆ ಇಂದು ಚಿತ್ರಗಳ ಕೊರತೆಯಿಲ್ಲ. ಆದರೆ ಕನ್ನಡ ನಾಡಿನ ಪ್ರತಿಯೊಂದು ಜಿಲ್ಲೆಯಲ್ಲಿಯೂ ಯಾವ ಪಟ್ಟಿಗೂ ಸೇರದ ಬಸದಿಗಳು, ವೀರಗಲ್ಲುಗಳು, ಹುಡೇವುಗಳು, ತೊಟ್ಟಿಮನೆಗಳು ವರ್ಷವರ್ಷವೂ ಕುಸಿಯುತ್ತಿವೆ. ಕೆಲವು ಜೀರ್ಣೋದ್ಧಾರದ ಹೆಸರಿನಲ್ಲಿಯೇ ರೂಪಗೆಡುತ್ತಿವೆ. ಅವುಗಳ ಮುಂದೆ ನಿಂತು ಕ್ಷಣದಲ್ಲಿ ಒಂದು ಚಿತ್ರವನ್ನು ತೆಗೆದು ಮರೆಯುವವರು ಸಾವಿರಾರು ಮಂದಿ. ಮುಕ್ಕಾಲಿಯನ್ನು ಹೂಡಿ, ಬೆಳಕು ಗೋಡೆಯ ಮೇಲೆ ಸರಿಯುವವರೆಗೆ ಕಾದು, ಯಾವ ಮೂಲೆಯಲ್ಲಿ ಯಾವ ಕಲ್ಲು ಸಡಿಲಿದೆಯೆಂಬುದನ್ನು ಗಮನಿಸಿ, ಒಂದೇ ಒಂದು ಹಾಳೆಯನ್ನು ಬೆಳಕಿಗೊಡ್ಡುವವರು ವಿರಳ. ಕ್ಯಾಮರಾ ಯಾವುದೇ ಆಗಿರಲಿ, ಆ ತಾಳ್ಮೆಯು ದೊಡ್ಡ ಕ್ಯಾಮರಾದಿಂದ ಕಲಿಯಬಹುದಾದ ವಿದ್ಯೆ. ಗ್ರೀನ್‌ಲಾ ರಥದ ಮುಂದೆ ನಿಂತ ದಿನ, ಆ ಶಿಖರವು ಇನ್ನಿಲ್ಲವಾಗುವುದೆಂದು ಅವನಿಗೆ ತಿಳಿದಿರಲಾರದು. ತನ್ನ ಎದುರಿಗಿದ್ದುದನ್ನು ಅವನು ಸಾವಧಾನವಾಗಿ ಕಂಡನು, ಅಷ್ಟೇ. ಮುಂದಿನ ತಲೆಮಾರಿಗೆ ಅಷ್ಟೇ ಸಾಕಾಯಿತು.